ಸಣ್ಣ ನೆಗ್ಗಿಲು, ಆನೆ ನೆಗ್ಗಿಲು: ಗುರುತಿಸುವ ಬಗೆ

(ಭಾಷಣದ ಪಾಠ)



ಮುಂಗಾರಿನ ಹದಮಳೆ ಬಿದ್ದು ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಬಳ್ಳಾರಿ ನಗರದ ಹೊರಬಯಲುಗಳಲ್ಲಿ, ಕುರುಗೋಡಿನ ಗುಡ್ಡದ ಬುಡದ ಗರಸು ನೆಲದಲ್ಲಿ, ಸಿರುಗುಪ್ಪದ ಕಡೆ ಹಗರಿಯ ಮರಳು ದಂಡೆಯಲ್ಲಿ ಹಳದಿ ಹೂವಿನ ಕಾಡುಗಿಡಗಳು ಹಬ್ಬುತ್ತವೆ. ಇವುಗಳಲ್ಲಿ ಮುಳ್ಳುಕಾಯಿ ಬಿಡುವುದನ್ನೆಲ್ಲ ಜನ ನೆಗ್ಗಿಲು ಎಂದೇ ಕರೆಯುವುದುಂಟು. ತೆಲುಗು ಮಾತಾಡುವ ಮನೆಗಳಲ್ಲಿ ಇವು ಪಲ್ಲೇರು ಮತ್ತು ಏನುಗು ಪಲ್ಲೇರು. ಹೆಸರು ಒಂದೇ ಆದರೂ ಗಿಡಗಳು ಒಂದಲ್ಲ. ಔಷಧಿಗೆಂದು ಕಾಯಿ ಕೂಡಿಸುವವರಿಗೆ ಈ ಭೇದ ತಿಳಿಯದಿದ್ದರೆ ಮಾಲು ಬೆರಕೆಯಾಗಿ ಬೆಲೆ ಕಳೆದುಕೊಳ್ಳುತ್ತದೆ. ಕುರಿ ಸಾಕುವವರಿಗೆ ತಿಳಿಯದಿದ್ದರೆ ಮಂದೆಗೇ ಅಪಾಯ ಬರಬಹುದು.

ಸಣ್ಣ ನೆಗ್ಗಿಲು

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರಿಬುಲಸ್ ಟೆರೆಸ್ಟ್ರಿಸ್. ಆಯುರ್ವೇದದ ಗೋಕ್ಷುರ ಇದೇ. ಇದರ ಬೇರು ದಶಮೂಲಗಳಲ್ಲಿ ಒಂದು. ಗಿಡ ಮೇಲಕ್ಕೆ ಏಳದೆ ನಡುವಿನಿಂದ ನಾಲ್ಕು ದಿಕ್ಕಿಗೂ ನೆಲ ಹಿಡಿದು ಹರಡುತ್ತದೆ. ಎಲೆಯನ್ನು ನೋಡಿದರೆ ಹುಣಸೆ ಎಲೆಯ ನೆನಪಾಗುತ್ತದೆ. ಒಂದು ಕಡ್ಡಿಯ ಎರಡೂ ಬದಿಗೆ ಕಿರುಎಲೆಗಳು ಜೋಡಿಜೋಡಿಯಾಗಿರುತ್ತವೆ, ಮೇಲೆ ರೇಷ್ಮೆಯಂಥ ನವಿರು ಕೂದಲಿರುತ್ತದೆ. ಎದುರುಬದುರು ಇರುವ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂವಿಗೆ ಬಿಡಿಬಿಡಿಯಾದ 5 ಎಸಳುಗಳು. ಹೂ ಬೆಳಿಗ್ಗೆ ಅರಳುತ್ತದೆ, ಎಸಳು ಆ ದಿನವೇ ಉದುರುತ್ತದೆ. ಆದುದರಿಂದ ಹೂ ನೋಡಬೇಕೆನ್ನುವವರು ಬೆಳಿಗ್ಗೆಯೇ ಹೊಲಕ್ಕೆ ಹೋಗುವುದು ಒಳ್ಳೆಯದು.

ಕಾಯಿ ಒಣಗಿದಾಗ 5 ತುಂಡುಗಳಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿ ತುಂಡಿಗೂ ಎರಡು ಉದ್ದ, ಎರಡು ಗಿಡ್ಡ ಮುಳ್ಳುಗಳು. ಬರಿಗಾಲಿಗೆ, ಸೈಕಲ್ ಟೈರಿಗೆ, ಕುರಿಯ ಗೊರಸಿನ ಸಂದಿಗೆ ಚುಚ್ಚುವುದು ಈ ತುಂಡೇ.

ಇದಕ್ಕೆ ಹತ್ತಿರದ ಇನ್ನೊಂದು ಬಗೆಯೂ ದಕ್ಷಿಣ ಭಾರತದಲ್ಲಿದೆ. ಅದರ ಹೆಸರು ಟ್ರಿಬುಲಸ್ ಲಾನುಜಿನೋಸಸ್. ಹೂ ಸ್ವಲ್ಪ ದೊಡ್ಡದು. ಎಲೆ, ಕಾಯಿ ಬಹುತೇಕ ಒಂದೇ ತೆರ. ಇದು ಬೇರೆಯದೇ ಜಾತಿಯೋ, ಸಣ್ಣ ನೆಗ್ಗಿಲಿನದೇ ಒಂದು ರೂಪವೋ ಎಂಬುದರಲ್ಲಿ ತಜ್ಞರಲ್ಲಿಯೇ ಒಮ್ಮತವಿಲ್ಲ. ಒಣಗಿದ ಕಾಯಿಯೊಂದನ್ನೇ ನೋಡಿ ಇವೆರಡನ್ನು ಬೇರ್ಪಡಿಸಲು ಹೋಗಬಾರದು. ಹೂವಿರುವ ಇಡೀ ಗಿಡ ಕೈಯಲ್ಲಿರಬೇಕು.

ಆನೆ ನೆಗ್ಗಿಲು

ಇದು ಪೆಡಾಲಿಯಮ್ ಮ್ಯೂರೆಕ್ಸ್. ಇದಕ್ಕೂ ಸಣ್ಣ ನೆಗ್ಗಿಲಿಗೂ ಹೆಸರಿನ ನಂಟು ಮಾತ್ರ. ಕುಲದಲ್ಲಿ ಇದು ಎಳ್ಳಿನ ಬಳಗದ್ದು. ಕಾಂಡ ರಸಭರಿತ. ಎಲೆ ಬಿಡಿ ಎಲೆ, ಅಗಲ, ಅಂಚು ಹಲ್ಲುಹಲ್ಲು. ಹೂವೂ ಹಳದಿಯೇ, ಆದರೆ ಎಸಳುಗಳು ಕೂಡಿಕೊಂಡು ಎಳ್ಳಿನ ಹೂವಿನಂತೆ ಕೊಳವೆಯಾಗಿರುತ್ತವೆ. ಕಾಯಿಗೆ 4 ಮೂಲೆ, ಬುಡದ ಕಡೆ ಮೂಲೆಗೊಂದರಂತೆ 4 ಮುಳ್ಳು. ಒಣಗಿದರೂ ಕಾಯಿ ಇಡಿಯಾಗಿಯೇ ಉಳಿಯುತ್ತದೆ.

ಹೊಲದಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಎಲೆಯಿರುವ ಹಸಿ ರೆಂಬೆಯನ್ನು ಒಂದು ಲೋಟ ನೀರಿನಲ್ಲಿ ಸ್ವಲ್ಪ ಹೊತ್ತು ಆಡಿಸಬೇಕು. ನೀರು ಮೊಟ್ಟೆಯ ಬಿಳಿಯಂತೆ ಲೋಳೆಗಟ್ಟಿದರೆ ಅದು ಆನೆ ನೆಗ್ಗಿಲು. ಸಣ್ಣ ನೆಗ್ಗಿಲಿಗೆ ಈ ಗುಣವಿಲ್ಲ.

ಕುರಿಗಾರರು ಗಮನಿಸಬೇಕಾದದ್ದು

ಸಣ್ಣ ನೆಗ್ಗಿಲನ್ನು ಕುರಿಗಳು ಮೇಯುತ್ತವೆ. ಮೇಯ್ದವಕ್ಕೆಲ್ಲ ಕಾಯಿಲೆ ಬರುವುದಿಲ್ಲ. ಆದರೆ ಮಳೆ ಬಂದು ಗಿಡ ಹುಲುಸಾಗಿ, ಆಮೇಲೆ ಬಿಸಿಲಿಗೆ ಬಾಡಿದಾಗ ಅದನ್ನೇ ಹೊಟ್ಟೆತುಂಬ ಮೇಯ್ದ ಮಂದೆಗಳಲ್ಲಿ ತೀವ್ರವಾದ ರೋಗ ಕಂಡುಬಂದಿದೆ. ದಕ್ಷಿಣ ಆಫ್ರಿಕದ ಕುರಿಗಾರರು ಇದಕ್ಕೆ "ಹಳದಿ ದಪ್ಪತಲೆ" ಎಂಬ ಅರ್ಥದ ಹೆಸರಿಟ್ಟಿದ್ದಾರೆ.

ಕಾರಣ ಹೀಗಿದೆ. ಗಿಡದಲ್ಲಿರುವ ಸಪೋನಿನ್ ಎಂಬ ವಸ್ತುವಿನಿಂದ ಪಿತ್ತದ ಹರಿವಿಗೆ ತಡೆಯಾಗುತ್ತದೆ. ಹಸಿರು ಮೇವು ಜೀರ್ಣವಾಗುವಾಗ ಹುಟ್ಟುವ ಒಂದು ಬಣ್ಣದ ವಸ್ತು ಪಿತ್ತದೊಡನೆ ಹೊರಹೋಗಬೇಕು. ಅದು ಹೋಗದೆ ರಕ್ತಕ್ಕೆ ಸೇರಿ ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ತಾಕಿದರೆ ಚರ್ಮ ಬೇಯುತ್ತದೆ. ಕಿವಿ, ರೆಪ್ಪೆ, ತುಟಿ ಊದಿಕೊಳ್ಳುತ್ತವೆ, ಕಣ್ಣು ಹಳದಿಯಾಗುತ್ತದೆ, ಕುರಿ ಮೇವು ಬಿಟ್ಟು ನೆರಳು ಹುಡುಕುತ್ತದೆ. ಲಂಟಾನ ತಿಂದ ದನಗಳಲ್ಲಿಯೂ ಇಂಥದೇ ತೊಂದರೆ ಕಾಣುತ್ತದೆ.

ಈ ಚಿಹ್ನೆಗಳು ಕಂಡ ಕೂಡಲೆ ಮಂದೆಯನ್ನು ಆ ಹೊಲದಿಂದ ಹೊರಕ್ಕೆ ಹೊಡೆಯಬೇಕು. ರೋಗದ ಕುರಿಯನ್ನು ದಟ್ಟ ನೆರಳಿನಲ್ಲಿ ಕಟ್ಟಿ, ನೀರು ಕೊಟ್ಟು, ಪಶುವೈದ್ಯರನ್ನು ಕರೆಸಬೇಕು. ಬಿಸಿಲಿನಲ್ಲಿ ನಡೆಸಿಕೊಂಡು ಹೋಗಬಾರದು.

ಹೊಲದಲ್ಲಿ ಹತೋಟಿ

ನೆಗ್ಗಿಲಿನ ಬೀಜ ಒಂದೇ ಮಳೆಗೆ ಎಲ್ಲವೂ ಮೊಳೆಯುವುದಿಲ್ಲ. ಕೆಲವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕಾಯಿ ಕಟ್ಟುವ ಮೊದಲೇ ಕುಂಟೆ ಹೊಡೆಯುವುದು ಇಲ್ಲವೆ ಕೈಯಿಂದ ಕೀಳುವುದು ಉತ್ತಮ. ಕಿತ್ತ ಗಿಡವನ್ನು ಬದುವಿನ ಮೇಲೆ ಬಾಡಲು ಬಿಡಕೂಡದು. ಹಾಗೆ ಬಿಟ್ಟರೆ ಕಾಯಿ ಅಲ್ಲಿಯೇ ಉದುರುತ್ತದೆ, ಬಾಡಿದ ಸೊಪ್ಪು ಕುರಿಯ ಬಾಯಿಗೂ ಸಿಗುತ್ತದೆ. ಅಮೆರಿಕದಲ್ಲಿ ಈ ಕಳೆಯ ಕಾಟ ತಾಳದೆ 1961ರಲ್ಲಿ ಇಟಲಿಯಿಂದ ಎರಡು ಬಗೆಯ ಮೂತಿಹುಳುಗಳನ್ನು ತರಿಸಿ ಬಿಡಲಾಯಿತು. ಒಂದು ಬೀಜವನ್ನು, ಇನ್ನೊಂದು ಕಾಂಡವನ್ನು ಕೊರೆಯುತ್ತದೆ.

ನೆನಪಿನಲ್ಲಿಡಲು

1. ಹುಣಸೆಯಂಥ ಎಲೆ, ಬಿಡಿ ಎಸಳು, ಐದಾಗಿ ಒಡೆಯುವ ಕಾಯಿ: ಸಣ್ಣ ನೆಗ್ಗಿಲು.
2. ಹಲ್ಲಂಚಿನ ಬಿಡಿ ಎಲೆ, ಕೊಳವೆ ಹೂ, ಒಡೆಯದ ಕಾಯಿ, ಲೋಳೆ ನೀರು: ಆನೆ ನೆಗ್ಗಿಲು.
3. ಮಾರುವ ಕಾಯಿಯನ್ನು ಗಿಡ ನೋಡಿಯೇ ಕೊಯ್ದು, ಬೇರೆ ಬೇರೆ ಚೀಲಗಳಲ್ಲಿ ತುಂಬಬೇಕು.

ಸಂದೇಹ ಬಂದಾಗ ಬೇರು, ಎಲೆ, ಹೂ, ಕಾಯಿ ಎಲ್ಲವೂ ಇರುವ ಒಂದು ಗಿಡವನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಊರು ಮತ್ತು ತಾರೀಖು ಬರೆದು, ಸಮೀಪದ ಕೃಷಿ ಸಂಶೋಧನಾ ಕೇಂದ್ರದವರಿಗೆ ತೋರಿಸುವುದು. ಬರಿಯ ಹೆಸರು ಹೇಳಿ ಕೇಳಿದರೆ ಸರಿಯಾದ ಉತ್ತರ ಸಿಗಲಾರದು.