ಗುಡ್ಡ ಹತ್ತಿದ್ದು ಆಯ್ತು, ಬರೆಯೋದು ಹೆಂಗ?

 

ಇವತ್ತಿನ ವಿಷಯ, ದೊಡ್ಡ ಬೆಟ್ಟ ಹತ್ತಿ ಬಂದ ಮೇಲೆ ಅದನ್ನ ಬರೆಯೋದು. ರೋಣದ ಸುತ್ತ ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ಈ ಬಯಲುಸೀಮೆಯಾಗ ಬೆಟ್ಟದ ಮಾತು ಯಾಕಪ್ಪಾ ಅಂತೀರೇನು? ನರಗುಂದಕ್ಕೆ ಹೋಗ್ರಿ, ಬಯಲಿನ ನಡುವೆ ಒಮ್ಮೆಲೆ ಗುಡ್ಡ ಎದ್ದು ನಿಂತೈತಿ. 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿ ಬಿದ್ದ ಬಾಬಾಸಾಹೇಬನ ಕೋಟೆ ಅದರ ಮೇಲೆ. ಗಜೇಂದ್ರಗಡದಲ್ಲಿ ಕಾಲಕಾಲೇಶ್ವರನ ಗುಡಿ ಬೆಟ್ಟಕ್ಕೇ ಅಂಟಿಕೊಂಡೈತಿ, ಗುಡ್ಡದ ನೆತ್ತಿ ತುಂಬ ಗಾಳಿಯಂತ್ರ. ಪಕ್ಕದ ಬಾದಾಮಿಯ ಕೆಂಪು ಬಂಡೆ ಹತ್ತಾಕ ಎಲ್ಲೆಲ್ಲಿಂದಲೋ ಜನ ಬರ್ತಾರ. ಅಂದಮೇಲೆ ನಮ್ಮ ಹುಡುಗರಿಗೆ ಮೇಲೆ ಹೋಗೋ ಆಸೆ ಹುಟ್ಟಿದ್ರೆ ಅದರಲ್ಲಿ ಅಚ್ಚರಿ ಇಲ್ಲ.

ಈ ಕಂತಿಗೆ ಕಾರಣ ಒಂದು ನೋಟ್‌ಬುಕ್ಕು. ಗಜೇಂದ್ರಗಡದ ಕೇಳುಗರೊಬ್ಬರು, ನೇಕಾರರ ಮನೆಯ ಹುಡುಗಿ, ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್ ಆಫ್ ಮೌಂಟೇನಿಯರಿಂಗ್‌ನಲ್ಲಿ 28 ದಿನದ ಬೇಸಿಕ್ ಕೋರ್ಸ್ ಮುಗಿಸಿ ಬಂದಾರ. ತೇಖ್ಲಾದಲ್ಲಿ ಬಂಡೆ ಹತ್ತೋ ಪಾಠ, ಆಮೇಲೆ ಡೋಕ್ರಿಯಾನಿ ಹಿಮನದಿ ಹತ್ತಿರ ಕ್ಯಾಂಪು. ವಾಪಸ್ ಬಂದ ಮೇಲೆ ಅವರ ಅವ್ವ ಕಂಡಕಿ ಸುತ್ತುತ್ತ ಒಂದೇ ಮಾತು ಕೇಳಿದ್ರಂತ: "ಅಲ್ಲೇನೈತಿ ಅಂತ ಅಷ್ಟು ದೂರ ಹೋಗಿದ್ದಿ?" ಇವರಿಗೆ ಉತ್ತರ ಹೇಳಾಕ ಬರಲಿಲ್ಲ. ಹಂಗಾಗಿ ಬರೆಯಾಕ ಕುಂತರು. ಎರಡು ಥರ ಬರೆದು ಎರಡನ್ನೂ ನನಗೆ ಕಳಿಸಿ, "ಅಣ್ಣಾ, ಇದರಾಗ ಯಾವುದು ಖರೇ ಅನ್ನಿಸ್ತೈತಿ?" ಅಂತ ಕೇಳಿದ್ರು.

ಮೊದಲನೇದು ಇನ್‌ಸ್ಟಾಗ್ರಾಮ್‌ಗೆ ಬರೆದದ್ದು. ಹಿಮ, ಸೂರ್ಯೋದಯ, "ಪರ್ವತ ನನ್ನನ್ನು ಬದಲಾಯಿಸಿತು". ಅಕ್ಷರ ಚಂದ, ಫೋಟೋ ಇನ್ನೂ ಚಂದ. ಆದರೆ ಇದನ್ನ ಯಾರು ಬೇಕಾದ್ರೂ ಬರೀಬಹುದಿತ್ತು. ಕೆಲವರು ಹೋಗದೇನೂ ಬರೀತಾರ.

ಎರಡನೇದು ಅಲ್ಲಿದ್ದಾಗಲೇ ಬರೆದ ನೋಟ್‌ಬುಕ್ಕು. ನಾನು ಬಿ.ಕಾಂ. ಓದಿದವ್ನು, ಮೊದಲು ಕಣ್ಣು ಹೋಗಿದ್ದೇ ಹಿಂದಿನ ಪುಟದ ಖರ್ಚಿನ ಲೆಕ್ಕಕ್ಕೆ. ಹುಬ್ಬಳ್ಳಿಯಿಂದ ದೆಹಲಿಗೆ ರೈಲು, ಡೆಹ್ರಾಡೂನ್‌ನಿಂದ ಬಸ್ಸು, ಉಣ್ಣೆ ಕಾಲುಚೀಲ, ಟೋಪಿ. ಕೊನೇ ಸಾಲಿನಲ್ಲಿ "ಅಪ್ಪ ಕೊಟ್ಟಿದ್ದು, ಎರಡು ಸೀರೆ ಮಾರಿದ ರೊಕ್ಕ" ಅಂತ ಐತಿ. ಇಡೀ ಇನ್‌ಸ್ಟಾ ಬರಹದಲ್ಲಿ ಈ ಸಾಲಿನ ತೂಕ ಇರೋದು ಒಂದೂ ಇಲ್ಲ. ಅದನ್ನೇ ಅವರು ಅಲ್ಲಿ ಬಿಟ್ಟಿದ್ರು.

ಸ್ವಲ್ಪ ಪಕ್ಕಕ್ಕೆ ಹೋಗಿ ಬರೋಣ. ಬೆಟ್ಟದ ಕಥೆಯಲ್ಲಿ ಪೆನ್ನು ಯಾರ ಕೈಯಾಗ ಇರ್ತೈತಿ ಅನ್ನೋದು ಬಾಳ ಮುಖ್ಯ. 1950ರ ಜೂನ್ 3ರಂದು ಫ್ರಾನ್ಸ್‌ನ ಮೊರಿಸ್ ಹೆರ್ಜೋಗ್, ಲೂಯಿ ಲಾಶೆನಾಲ್ ಇಬ್ಬರು ನೇಪಾಳದ ಅನ್ನಪೂರ್ಣ ಹತ್ತಿದ್ರು. 8,091 ಮೀಟರ್. 8,000 ಮೀಟರ್ ದಾಟಿದ ಶಿಖರವೊಂದನ್ನ ಮನುಷ್ಯ ಹತ್ತಿದ್ದು ಅದೇ ಮೊದಲು. ಇಳಿಯೋವಾಗ ಹಿಮ ಕಡಿದು ಹೆರ್ಜೋಗ್ ಕೈಕಾಲಿನ ಬೆರಳು ಹೋದವು, ಲಾಶೆನಾಲ್ ಕಾಲಿನ ಬೆರಳು ಅಷ್ಟೂ ಹೋದವು. ಹೆರ್ಜೋಗ್ ಆಸ್ಪತ್ರೆಯಲ್ಲಿ ಮಲಗಿ ಬಾಯಲ್ಲಿ ಹೇಳಿ ಪುಸ್ತಕ ಬರೆಸಿದ. ಜಗತ್ತೇ ಓದಿತು. ಅದರ ತುಂಬ ಧನ್ಯತೆ, ಗೆಳೆತನ, ಕನಸು. ತಂಡದ ಉಳಿದವರು ಐದು ವರ್ಷ ಏನೂ ಪ್ರಕಟಿಸಬಾರದು ಅಂತ ಮೊದಲೇ ಒಪ್ಪಂದಕ್ಕೆ ಸಹಿ ಹಾಕಿದ್ರು.

ಲಾಶೆನಾಲ್ 1955ರಲ್ಲಿ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ. ಅವನ ಡೈರಿಗೆ ಕತ್ತರಿ ಹಾಕಿ ಮರುವರ್ಷ ಪ್ರಕಟಿಸಿದ್ರು. ಪೂರ್ತಿ ರೂಪ ಹೊರಬಂದದ್ದು 1996ರಲ್ಲಿ. ಅದರಲ್ಲಿ ಬೇರೇನೇ ದನಿ ಐತಿ. ಅವನಿಗೆ ವಾಪಸ್ ಹೋಗಬೇಕು ಅನಿಸಿತ್ತು. ಶಿಖರಕ್ಕಿಂತ ಅವನಿಗೆ ತನ್ನ ಕಾಲು ದೊಡ್ಡದು. ಆದರೆ ತಾನು ಇಳಿದ್ರೆ ಹೆರ್ಜೋಗ್ ಒಬ್ಬನೇ ಮೇಲೆ ಹೋಗ್ತಾನ, ಹೋದವ ತಿರುಗಿ ಬರಲ್ಲ. ಅದಕ್ಕೇ ಜೊತೆಗೆ ಹೋದ. ಒಂದೇ ತಂಡದ ಇಬ್ಬರು, ಒಂದೇ ದಿನ, ಎರಡು ಲೆಕ್ಕ. ನನಗೆ ಲಾಶೆನಾಲ್ ಹತ್ತಿರದವ ಅನಿಸ್ತಾನ.

ತೇನ್‌ಸಿಂಗ್ ಕತೆ ಇನ್ನೊಂದು ಥರ. ಹಲವು ಭಾಷೆ ಮಾತಾಡ್ತಿದ್ದ ಮನುಷ್ಯ, ಓದು ಬರಹ ಬರ್ತಿರಲಿಲ್ಲ. ಅವನ ಆತ್ಮಕತೆಯನ್ನ ಕೇಳಿ ಬರೆದವನು ಅಮೆರಿಕದ ಜೇಮ್ಸ್ ರಾಮ್ಸೆ ಉಲ್‌ಮನ್, ಪ್ರಕಟವಾದದ್ದು 1955ರಲ್ಲಿ. ಎವರೆಸ್ಟ್ ಮೇಲೆ ಮೊದಲ ಹೆಜ್ಜೆ ಯಾರದ್ದು ಅಂತ ಎರಡು ವರ್ಷದಿಂದ ಪತ್ರಿಕೆಯವರು ಪ್ರಾಣ ತಿಂದಿದ್ರು. ಮೊದಲು ಕಾಲಿಟ್ಟದ್ದು ಹಿಲರಿ, ಹಿಂದೆ ನಾನು ಅಂತ ತೇನ್‌ಸಿಂಗ್ ಅದರಲ್ಲಿ ಹೇಳಿಬಿಟ್ಟ. ಸುಳ್ಳು ಹೇಳಿದ್ರೆ ಹಿಡಿಯೋರು ಯಾರು? ಅಲ್ಲಿದ್ದದ್ದೇ ಇಬ್ಬರು.

ಇದಕ್ಕೆ ತಿರುಗಾಮುರುಗಾ ಒಂದು ಉದಾಹರಣೆ ನಿಮ್ಮಲ್ಲಿ ಬಾಳ ಮಂದಿಯ ಮನಿಯಾಗೇ ಇರಬಹುದು. ತೇಜಸ್ವಿಯವರು ಕನ್ನಡಕ್ಕೆ ತಂದ 'ಮಹಾಪಲಾಯನ'. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ ದಾಟಿ, ಹಿಮಾಲಯ ಹತ್ತಿಳಿದು ಭಾರತಕ್ಕೆ ನಡೆದು ಬಂದವರ ಕಥೆ. ಹಾಸ್ಟೆಲ್‌ನಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ಹೋಗ್ತಿತ್ತು. ಮೂಲ ಬರೆದ ಸ್ಲಾವೊಮಿರ್ ರಾವಿಚ್ 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋಗಿದ್ದ ಅನ್ನೋ ದಾಖಲೆಗಳನ್ನ 2006ರಲ್ಲಿ ಬಿಬಿಸಿ ಹೊರಗೆ ತಂತು. ಅಂದ್ರೆ ಆ ನಡಿಗೆ ಅವನದ್ದಲ್ಲ. ಪುಸ್ತಕದ ರೋಚಕತೆ ಇದರಿಂದ ಕಡಿಮೆ ಆಗಲ್ಲ, ಓದ್ರಿ. ಆದರೆ ನಾನು ಈಗ ಅದನ್ನ ಕಾದಂಬರಿ ಇಡೋ ಸಾಲಿನಾಗ ಇಟ್ಟೀನಿ.

ಮತ್ತೆ ನೋಟ್‌ಬುಕ್ಕಿಗೆ ಬರೋಣ. ಹನ್ನೊಂದನೇ ದಿನದ ಪುಟದಲ್ಲಿ ಸಾಮಾನು ಹೊತ್ತು ತಂದ ಹೇಸರಗತ್ತೆಗಳ ಲೆಕ್ಕ ಐತಿ, ಅವುಗಳ ಹಿಂದೆ ನಡೆದ ಹುಡುಗನ ಬೂಟು ಹರಿದದ್ದು ಐತಿ. ಹದಿನೈದನೇ ದಿನ ಬರೇ ಮೂರು ಪದ: "ಕಾಲುಚೀಲ ಒಣಗಿಲ್ಲ ಇನ್ನೂ." ಆಮೇಲೆ ಬರ್ತೈತಿ ನೋಡ್ರಿ, ಹದಿನೇಳನೇ ದಿನ. ಟೆಂಟಿನಲ್ಲಿ ಜೊತೆಗಿದ್ದ ಹುಡುಗಿಗೆ ರಾತ್ರಿ ಉಸಿರಾಟದ ತೊಂದರೆ ಆಯ್ತು. ಬೆಳಗಾಗೋದರೊಳಗೆ ಅವಳನ್ನ ಕೆಳಗೆ ಇಳಿಸಿದ್ರು. ಇವರು ಬರೀತಾರ: ಅವಳು ಹೋದ ಮೇಲೆ ಟೆಂಟಿನಲ್ಲಿ ಕಾಲು ಚಾಚಾಕ ಜಾಗ ಸಿಕ್ಕಿತು ಅಂತ ಒಂದು ಕ್ಷಣ ಖುಷಿಯಾಯ್ತು, ಆಮೇಲೆ ರಾತ್ರಿಯಿಡೀ ನಿದ್ದಿ ಬರಲಿಲ್ಲ.

ಈ ಪುಟಕ್ಕೆ ಅಡ್ಡಗೆರೆ ಎಳೆದಿದ್ರು. ಕಳಿಸೋವಾಗ "ಇದನ್ನ ಓದಬ್ಯಾಡ್ರಿ" ಅಂತ ಬೇರೆ ಬರೆದಿದ್ರು. ನಾನು ಫೋನ್ ಮಾಡಿ ಹೇಳಿದೆ: ತಂಗೀ, ಉಳಿದದ್ದು ಬಿಟ್ಟರೂ ನಡೀತೈತಿ, ಇದನ್ನ ಬಿಡಬ್ಯಾಡ. ಎರಡು ದಿನ ಬಿಟ್ಟು ಒಪ್ಪಿಗೆ ಕೊಟ್ಟರು. ಅವರು ಒಪ್ಪಿದ ಮೇಲೇನೇ ಇದು ನಿಮ್ಮ ಕಿವಿಗೆ ಬಿದ್ದೈತಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, 2024ರ ಜೂನ್ ನೆನಪೈತೇನು? ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಜನ ಹೋಗಿದ್ರು. ಮಾರ್ಗದರ್ಶಕರೂ ಸೇರಿ 22 ಮಂದಿಯ ತಂಡ ಕೆಟ್ಟ ಹವಾಮಾನಕ್ಕೆ ಸಿಕ್ಕಿತು. 13 ಮಂದಿಯನ್ನ ರಕ್ಷಿಸಿದ್ರು. 9 ಮಂದಿ ತೀರಿಕೊಂಡ್ರು. ಅವರಲ್ಲಿ ವಯಸ್ಸಾದವರಿದ್ರು, ಹಿಮಾಲಯ ಹೊಸದಲ್ಲದವರೂ ಇದ್ರು. ಆ ವಾರ ನಮ್ಮ ಫೋನಿನ ತುಂಬ ಬಂದದ್ದು ಏನು? "ಇವರಿಗೆ ಬೇಕಿತ್ತಾ ಇದು" ಅನ್ನೋ ಕಾಮೆಂಟು. ಒಂದು ಕಡೆ "ಪರ್ವತ ಕರೆಯುತ್ತಿದೆ" ಅನ್ನೋ ರೀಲು, ಇನ್ನೊಂದು ಕಡೆ ಈ ಬೈಗುಳ. ಮೇಲೆ ಹೋದವರು ತಣ್ಣಗೆ ಕುಂತು, ಚಳಿ ಹೆಂಗಿತ್ತು, ಯಾವ ಹೊತ್ತಿಗೆ ವಾಪಸ್ ತಿರುಗಬೇಕು ಅನಿಸ್ತು, ಪಕ್ಕದವರಿಗೆ ಏನಾಯ್ತು ಅಂತ ಬರೆದದ್ದು ಕನ್ನಡದಲ್ಲಿ ಇನ್ನಷ್ಟು ಬೇಕು. ಮುಂದಿನ ಸಲ ಹೋಗೋ ಹುಡುಗನಿಗೆ ಸೂರ್ಯೋದಯದ ಫೋಟೋಕ್ಕಿಂತ ಅದು ಕೆಲಸಕ್ಕೆ ಬರ್ತೈತಿ. ಹೋಗದೇ ಮನಿಯಾಗ ಕಾಯೋ ಅಪ್ಪ ಅವ್ವಗೂ.

ಒಬ್ಬ ಕೇಳುಗ ಹೋದ ವಾರ ಕೇಳಿದ್ದ, "ಶಿಖರ ಮುಟ್ಟದಿದ್ರೆ ಬರೆಯೋಕೆ ಏನಿರ್ತೈತಿ ಬ್ರೋ?" ಈ ಹುಡುಗಿ ಯಾವ ಶಿಖರವನ್ನೂ ಮುಟ್ಟಿಲ್ಲ. ಎ ಗ್ರೇಡ್ ಕೂಡ ಬರಲಿಲ್ಲ, ಅದಿಲ್ಲದೆ ಮುಂದಿನ ಅಡ್ವಾನ್ಸ್ ಕೋರ್ಸಿಗೆ ಹೋಗೋಹಂಗಿಲ್ಲ. ಅದನ್ನೂ ನೋಟ್‌ಬುಕ್ಕಿನಲ್ಲಿ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗ್ಯಾರ. ನನಗೆ ಸಿಕ್ಕಿದ್ದು ನಲವತ್ತು ಪುಟ, ಬೇಸರ ಆದದ್ದು ಎರಡೇ ಪುಟ, ಅವೂ ಸೂರ್ಯೋದಯದವೇ.

ಮೊನ್ನೆ ಅವರು ಅವ್ವನ ಮುಂದೆ ಕುಂತು ಹದಿನೇಳನೇ ದಿನದ ಪುಟವನ್ನ ಓದಿ ಹೇಳಿದ್ರಂತ. ಅವ್ವ ಕಂಡಕಿ ನಿಲ್ಲಿಸಿ ಕೇಳಿದ್ರು, "ಆ ಹುಡುಗಿ ಈಗ ಹೆಂಗದಾಳ?" ಚೆನ್ನಾಗಿದ್ದಾಳೆ, ತನ್ನ ಊರಿನಲ್ಲಿ ಆರಾಮಿದ್ದಾಳೆ ಅಂದ್ರಂತ. "ಹಂಗಾದ್ರ ಫೋನ್ ಹಚ್ಚು, ನಾ ಮಾತಾಡ್ತೀನಿ" ಅಂದ್ರು ಅವ್ವ. ಆ ಹುಡುಗಿಗೆ ಕನ್ನಡ ಬರಲ್ಲ, ಇವರಿಗೆ ಹಿಂದಿ ಬರಲ್ಲ. ಹತ್ತು ನಿಮಿಷ ಮಾತಾಡ್ಯಾರ.

ಮುಂದಿನ ಕಂತಿನಲ್ಲಿ ನೋಟ್‌ಬುಕ್ಕಿನ ಆರು ಪುಟ ಅವರದ್ದೇ ದನಿಯಲ್ಲಿ ಬರ್ತಾವ, ಖರ್ಚಿನ ಪುಟ ಸೇರಿ. ನಿಮ್ಮ ಹತ್ರನೂ ಇಂಥ ಡೈರಿ ಇದ್ರೆ ಕಳಿಸ್ರಿ. ಅಡ್ಡಗೆರೆ ಎಳೆದ ಪುಟಗಳನ್ನ ಹರಿಯಬ್ಯಾಡ್ರಿ. ಬರ್ತೀನ್ರಿ.