ಕುಷ್ಠರೋಗ ಪೀಡಿತರೂ ಹೆಪಟೈಟಿಸ್ ಬಿ ಎಂಬ ಎರಡನೆಯ ವ್ಯಾಧಿಯೂ

(ಶತಮಾನೋತ್ಸವದ ಅಂಗವಾಗಿ ಹೆಗ್ಗನಹಳ್ಳಿಯ ವಿಶ್ವಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಹಬ್ಬದ ಮನೆಯಲ್ಲಿ ರೋಗದ ಮಾತೆತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗಾದರೂ ಅನಿಸೀತು. ಆದರೆ ಹೆಗ್ಗನಹಳ್ಳಿಯಿಂದ ಸುಂಕದಕಟ್ಟೆಯ ಮೂಲಕ ಮಾಗಡಿ ರಸ್ತೆಗಿಳಿದು ನಗರದತ್ತ ಹೊರಟರೆ, ಹೊರವರ್ತುಲ ರಸ್ತೆಯು ಬಂದು ಕೂಡುವಲ್ಲಿ ಸುಮನಹಳ್ಳಿ ಎದುರಾಗುತ್ತದೆ. ಇಂದಿನ ಬಹುಮಂದಿಗೆ ಅದು ಒಂದು ಮೇಲುಸೇತುವೆಯ ಹೆಸರು, ಬಸ್ಸಿನ ನಿಲ್ದಾಣದ ಹೆಸರು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂಬ ಅರ್ಥದ ಈ ಹೆಸರಿನಲ್ಲಿ, ಸರ್ಕಾರದ ಆಹ್ವಾನದ ಮೇರೆಗೆ ಬೆಂಗಳೂರು ಮಹಾಧರ್ಮಕ್ಷೇತ್ರವು 1978ರಲ್ಲಿ ಕುಷ್ಠರೋಗ ಪೀಡಿತರಿಗಾಗಿ ಪುನರ್ವಸತಿ ಕೇಂದ್ರವೊಂದನ್ನು ಆರಂಭಿಸಿತು. ಮುಂದೆ ಕ್ಲರೀಷಿಯನ್ ಸಭೆಯ ಗುರುಗಳು ಅದರ ಹೊಣೆ ಹೊತ್ತರು. ಇದೇ ಮಾಗಡಿ ರಸ್ತೆಯಲ್ಲಿ ಸರ್ಕಾರದ ಕುಷ್ಠರೋಗ ಆಸ್ಪತ್ರೆಯೂ ಇದ್ದಿತು. ಹೀಗಾಗಿ ನಾವು ಇಂದು ಆಡಲಿರುವ ಮಾತು ದೂರದೇಶದ್ದಲ್ಲ, ನೆರೆಮನೆಯದು.

ಕುಷ್ಠರೋಗದ ವಿಷಯದಲ್ಲಿ ನಾವು ಬಹಳಷ್ಟನ್ನು ಕೇಳಿದ್ದೇವೆ. 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು ಅದರ ರೋಗಾಣುವನ್ನು ಕಂಡರು. ಅದು ಪೂರ್ವಜನ್ಮದ ಕರ್ಮವಲ್ಲ, ದೇವರ ಶಾಪವಲ್ಲ, ವಂಶಪಾರಂಪರ್ಯವೂ ಅಲ್ಲ. 1980ರ ದಶಕದಿಂದೀಚೆಗೆ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಔಷಧಗಳ ಸಂಯುಕ್ತ ಚಿಕಿತ್ಸೆಯಿಂದ ಆರು ಅಥವಾ ಹನ್ನೆರಡು ತಿಂಗಳಲ್ಲಿ ಅದು ಗುಣವಾಗುತ್ತದೆ. ಮಾತ್ರೆಗಳು ಉಚಿತ. ಇಷ್ಟು ಸಾಕು, ಇದನ್ನು ಇನ್ನಷ್ಟು ವಿಸ್ತರಿಸುವುದು ತಿಳಿದವರ ಮುಂದೆ ತಿಳಿದದ್ದನ್ನೇ ಹೇಳಿದಂತಾದೀತು. ಆದರೆ ಆ ರೋಗಿಗಳ ರಕ್ತದಲ್ಲಿ ಅಡಗಿ ಬಂದ ಇನ್ನೊಂದು ವ್ಯಾಧಿಯುಂಟು. ಅದರ ವಿಷಯವನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಯಾರೂ ಆಡಿದಂತೆ ಕಾಣೆವು. ಅದೇ ಹೆಪಟೈಟಿಸ್ ಬಿ, ಎಂದರೆ ಯಕೃತ್ತನ್ನು ಕೆಡಿಸುವ, ರಕ್ತದ ಮೂಲಕ ಹರಡುವ ಒಂದು ಬಗೆಯ ಕಾಮಾಲೆ.

ಇದರ ಚರಿತ್ರೆ ಕುತೂಹಲಕರವಾದುದು. 1960ರ ದಶಕದಲ್ಲಿ ಅಮೆರಿಕದ ವೈದ್ಯ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರು ನಾನಾ ದೇಶಗಳ ಜನರ ರಕ್ತವನ್ನು ಸಂಗ್ರಹಿಸಿ ಪರೀಕ್ಷಿಸುತ್ತಿದ್ದಾಗ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅದುವರೆಗೆ ಅರಿಯದ ವಸ್ತುವೊಂದು ಕಂಡುಬಂದಿತು. ಅದಕ್ಕೆ 'ಆಸ್ಟ್ರೇಲಿಯ ಆಂಟಿಜನ್' ಎಂದು ಹೆಸರಿಟ್ಟರು. ಅದು ಕಾಮಾಲೆಯ ವೈರಾಣುವಿನ ಹೊರಕವಚವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಯಾವ ಯಾವ ರೋಗಿಗಳಲ್ಲಿ ಇದು ಹೆಚ್ಚು ಎಂದು ಹುಡುಕುತ್ತ ಹೋದಾಗ ಕುಷ್ಠರೋಗಿಗಳು, ಅದರಲ್ಲಿಯೂ ಲೆಪ್ರೊಮ್ಯಾಟಸ್ ಎಂಬ ತೀವ್ರತರ ರೂಪದ ರೋಗವುಳ್ಳವರು, ಮುಂದಿನ ಸಾಲಿನಲ್ಲಿ ಕಂಡುಬಂದರು. 1967ರಲ್ಲಿ ಬ್ಲಂಬರ್ಗ್ ಮತ್ತು ಅವರ ಸಂಗಡಿಗರು ಇದನ್ನು ಪ್ರಕಟಿಸಿದರು. ಮುಂದಿನ ಅಧ್ಯಯನದಲ್ಲಿ ನಮ್ಮ ದಕ್ಷಿಣ ಭಾರತದ ರೋಗಿಗಳ ರಕ್ತವೂ ಸೇರಿತ್ತು. ಆ ಸಂಗಡಿಗರಲ್ಲಿ ಬೆಲ್ಜಿಯಂ ದೇಶದ ಡಾಕ್ಟರ್ ಮಿಷೆಲ್ ಲೆಷಾ ಒಬ್ಬರು. ಕಾದಂಬರಿ ಓದುವ ಹವ್ಯಾಸವುಳ್ಳವರಿಗೆ ಒಂದು ಮಾತು: ಕಾಂಗೋ ದೇಶದ ಯೋಂಡಾ ಕುಷ್ಠಾಶ್ರಮದಲ್ಲಿ ಇವರು ವೈದ್ಯರಾಗಿದ್ದಾಗಲೇ ಕಥೋಲಿಕ ಲೇಖಕ ಗ್ರಹಾಂ ಗ್ರೀನ್ ಅಲ್ಲಿಗೆ ಹೋಗಿ ತಂಗಿದ್ದು, ಬಳಿಕ 'ಎ ಬರ್ನ್ಟ್ ಔಟ್ ಕೇಸ್' ಎಂಬ ಕಾದಂಬರಿಯನ್ನು ಬರೆದು ಇವರಿಗೇ ಅರ್ಪಿಸಿದ್ದು.

ಇರಲಿ. ಕುಷ್ಠರೋಗಿಗಳಲ್ಲಿಯೇ ಇದು ಏಕೆ ಹೆಚ್ಚು? ಮೊದಮೊದಲು ಸಂಶಯವು ಹೋದದ್ದು ರೋಗಿಯ ಮೈಯ ಮೇಲೆಯೇ. ಹುಟ್ಟಿನಿಂದಲೇ ಆ ದೇಹದಲ್ಲಿ ಏನೋ ಕೊರತೆಯಿದ್ದು, ಅದೇ ಎರಡೂ ವ್ಯಾಧಿಗಳಿಗೆ ಎಡೆಗೊಡುತ್ತದೆಯೋ ಏನೋ ಎಂದು ಊಹಿಸಿದರು. ಈ ಊಹೆಯಲ್ಲಿ ಒಂದಂಶ ನಿಜವಿದ್ದೀತು. ಏಕೆಂದರೆ ಲೆಪ್ರೊಮ್ಯಾಟಸ್ ರೂಪದಲ್ಲಿ ದೇಹದ ರಕ್ಷಣಾಶಕ್ತಿಯು ಕುಂದಿರುತ್ತದೆ, ಹೊಕ್ಕ ವೈರಾಣುವನ್ನು ಹೊರದೂಡುವುದು ಅಂಥ ದೇಹಕ್ಕೆ ಕಷ್ಟವಾಗಬಹುದು. ಆದರೆ ನಂತರದ ಅಧ್ಯಯನಗಳೆಲ್ಲವೂ ಇದನ್ನು ಒಂದೇ ಕಂಠದಿಂದ ಅನುಮೋದಿಸಲಿಲ್ಲ. ಬ್ಲಂಬರ್ಗ್ ಅವರ ಮತ್ತೊಂದು ಶೋಧನೆಯೇ ನಮಗೆ ಇಲ್ಲಿ ಹೆಚ್ಚು ಬೆಳಕು ನೀಡುತ್ತದೆ. ಡೌನ್ ಲಕ್ಷಣದ ಮಕ್ಕಳಲ್ಲಿಯೂ ಈ ಆಂಟಿಜನ್ ಹೆಚ್ಚಾಗಿ ಕಂಡಿತ್ತು. ಆದರೆ ಯಾವ ಮಕ್ಕಳಲ್ಲಿ? ನೂರಾರು ಮಂದಿಯನ್ನು ಕೂಡಿಹಾಕಿದ್ದ ದೊಡ್ಡ ಸಂಸ್ಥೆಗಳಲ್ಲಿದ್ದವರಲ್ಲಿ ಅತಿಹೆಚ್ಚು, ಚಿಕ್ಕ ಸಂಸ್ಥೆಗಳಲ್ಲಿ ಕಡಿಮೆ, ತಾಯಿಯ ಮಡಿಲಲ್ಲಿ ಬೆಳೆದವರಲ್ಲಿ ಇನ್ನೂ ಕಡಿಮೆ. ಹಾಗಿದ್ದ ಮೇಲೆ ಕಾರಣವನ್ನು ಮಗುವಿನ ಮೈಯಲ್ಲಿ ಮಾತ್ರ ಹುಡುಕಿದರೆ ಸಾಲದು, ಅದನ್ನು ಇರಿಸಿದ ಮನೆಯಲ್ಲಿಯೂ ಹುಡುಕಬೇಕು.

ಈ ಮಾತನ್ನು ಕುಷ್ಠಾಶ್ರಮಗಳಿಗೂ ಅನ್ವಯಿಸಿ ನೋಡೋಣ. ಅನಾಥರಾದ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟ ನಮ್ಮ ಗುರುಗಳ, ಕನ್ಯಾಸ್ತ್ರೀಯರ ಸೇವೆಯನ್ನು ಮರೆಯಲಾಗದು. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಔಷಧಾಲಯವನ್ನೂ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೂ ತೆರೆದಾಗ, ಅಂಥವರನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವವರೇ ವಿರಳವಾಗಿದ್ದರು. ಆದ್ದರಿಂದ ಮುಂದಿನ ಮಾತು ಯಾವುದೇ ಒಂದು ಸಂಸ್ಥೆಯ ಮೇಲೆ ದೋಷ ಹೊರಿಸುವುದಕ್ಕಲ್ಲ. ಅಂದಿನ ಲೋಕದ ಚಿಕಿತ್ಸಾಕ್ರಮವೇ ಹಾಗಿದ್ದಿತು.

ಸಲ್ಫೋನ್ ಮಾತ್ರೆಗಳು ಬರುವುದಕ್ಕೆ ಮೊದಲು ಕುಷ್ಠಕ್ಕಿದ್ದ ಮದ್ದೆಂದರೆ ಚಾಲ್‌ಮೂಗ್ರ ಎಣ್ಣೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಗರುಡಫಲವೂ ಅದೇ ಜಾತಿಯದು. ಕುಡಿದರೆ ವಾಂತಿ, ಆದುದರಿಂದ ಅದನ್ನು ಸೂಜಿಯಿಂದ ಚುಚ್ಚುತ್ತಿದ್ದರು. ವಾರವಾರವೂ, ವರುಷಗಟ್ಟಲೆ, ಒಂದೊಂದು ಸಾರಿಗೆ ಹಲವು ಕಡೆ. ಬಳಸಿ ಎಸೆಯುವ ಸೂಜಿಗಳು ಅಂದು ಇರಲಿಲ್ಲ. ಸಾಲಿನಲ್ಲಿ ನಿಂತವರಿಗೆಲ್ಲ ಕೆಲವೇ ಗಾಜಿನ ಪಿಚಕಾರಿಗಳು, ಕುದಿಸಿದರೆ ಕುದಿಸಿದರು, ಇಲ್ಲವಾದರೆ ಒರೆಸಿದರು. ರೋಗಾಣು ಇದೆಯೇ ಎಂದು ನೋಡಲು ಕಿವಿಯ ಹಾಲೆಯನ್ನು ಚಿಕ್ಕದಾಗಿ ಕೊಯ್ದು ರಸ ತೆಗೆಯುವ ಪರೀಕ್ಷೆಯಲ್ಲಿ ಅದೇ ಅಲಗನ್ನು ಒರೆಸಿ, ಬೆಂಕಿಯಲ್ಲಿ ಸೋಕಿಸಿ ಮುಂದಿನವನಿಗೆ ಬಳಸುವುದೂ ರೂಢಿಯಲ್ಲಿತ್ತು. ಹೊರಗಿನ ಕ್ಷೌರಿಕರು ಬರಲೊಪ್ಪದ ಕಡೆ ಎಲ್ಲರಿಗೂ ಒಂದೇ ಕತ್ತಿ. ಇದರ ಮೇಲೆ ಈ ರೋಗದ ಒಂದು ವಿಶೇಷವನ್ನು ಗಮನಿಸಬೇಕು. ನರಗಳು ಸತ್ತ ಕೈಕಾಲುಗಳಿಗೆ ನೋವು ತಿಳಿಯದು. ಕಾಲಿಗೆ ಮೊಳೆ ನೆಟ್ಟರೂ, ಬೆರಳು ಒಲೆಗೆ ತಾಗಿದರೂ ಅರಿವಿಲ್ಲ. ಹುಣ್ಣಿನಿಂದ ರಕ್ತ ಒಸರಿದರೂ ಆ ರೋಗಿಗೆ ಅದು ಕಣ್ಣಿಗೆ ಬಿದ್ದಾಗಲೇ ಗೊತ್ತು. ಹೆಪಟೈಟಿಸ್ ಬಿ ವೈರಾಣುವಾದರೋ ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಏಳು ದಿನಗಳಾದರೂ ಬದುಕಿರಬಲ್ಲದು. ಸೂಜಿ, ಅಲಗು, ಕತ್ತಿ, ಹುಣ್ಣಿನ ಪಟ್ಟಿ, ಇಷ್ಟು ದಾರಿಗಳಿರುವಾಗ ರಕ್ತದಿಂದ ರಕ್ತಕ್ಕೆ ದಾಟುವ ವ್ಯಾಧಿಗೆ ಇನ್ನೇನು ಬೇಕು?

ಆದುದರಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿಯೇ ಹೇಳಿಬಿಡುತ್ತೇವೆ. ಈ ಎರಡನೆಯ ವ್ಯಾಧಿಯು ಆ ರೋಗಿಗಳು ತಮ್ಮೊಡನೆ ತಂದದ್ದಲ್ಲ. ಸಮಾಜವು ಅವರನ್ನು ಊರಿನಿಂದ ಹೊರಗೆ ಹಾಕಿ ಒಂದೆಡೆ ಗುಂಪುಗೂಡಿಸಿದುದರಿಂದ, ಗುಣಪಡಿಸಲೆಂದೇ ಚುಚ್ಚಿದ ಸೂಜಿಯಿಂದ, ಬಹುಪಾಲು ಬಂದದ್ದು. ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿ ಗುಣವಾಗುವ ಇಂದಿನ ರೋಗಿಗೆ ಈ ಅಪಾಯವು ಹಾಗೆ ಕಾದಿಲ್ಲ. ಭಾರತದಲ್ಲಿ ಇಂದಿಗೂ ವರ್ಷಕ್ಕೆ ಸುಮಾರು 1 ಲಕ್ಷ ಮಂದಿ ಹೊಸ ಕುಷ್ಠರೋಗಿಗಳು ಪತ್ತೆಯಾಗುತ್ತಾರೆ. ಅವರಿಗಿಂತ ಹೆಚ್ಚಾಗಿ ನಾವು ನೆನೆಯಬೇಕಾದದ್ದು ಹಳೆಯ ಆಶ್ರಮಗಳಲ್ಲಿ ಯೌವನ ಕಳೆದು ಈಗ ಮುಪ್ಪಾಗಿರುವವರನ್ನು, ಅವರ ಮಡದಿ ಮಕ್ಕಳನ್ನು.

ಈ ವೈರಾಣುವಿನ ಮೋಸವೆಂದರೆ ಅದು ಮೌನವಾಗಿರುವುದು. ಪ್ರಾಯದವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿಗೆ ತಾನಾಗಿಯೇ ತೊಲಗುತ್ತದೆ. ಹೆರಿಗೆಯ ಕಾಲದಲ್ಲಿ ತಾಯಿಯಿಂದ ಕೂಸಿಗೆ ತಗುಲಿದರೆ ನೂರರಲ್ಲಿ ತೊಂಬತ್ತು ಕೂಸುಗಳಲ್ಲಿ ಜೀವಮಾನವಿಡೀ ಉಳಿಯುತ್ತದೆ. ಉಳಿದದ್ದು ಇಪ್ಪತ್ತು ಮೂವತ್ತು ವರ್ಷ ಏನೂ ಹೇಳದೆ, ಕೊನೆಗೆ ಯಕೃತ್ತು ಗಂಟುಗಟ್ಟಿದಾಗ ಅಥವಾ ಅರ್ಬುದವಾದಾಗ ಮುಖ ತೋರಿಸುತ್ತದೆ. ಕುಷ್ಠ ಪೀಡಿತರಿಗೆ ಇಲ್ಲಿ ಇನ್ನೊಂದು ವಿಶೇಷ ಗಂಡಾಂತರವುಂಟು. ಚಿಕಿತ್ಸೆಯ ನಡುವೆಯೋ, ಮುಗಿದ ಮೇಲೆಯೋ ಕೆಲವರಿಗೆ 'ರಿಯಾಕ್ಷನ್' ಎಂಬ ಉರಿಯೂತ ಬಂದು ನರಗಳು ಊದಿಕೊಳ್ಳುತ್ತವೆ. ಕೈಕಾಲು ಉಳಿಸಲು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಔಷಧವನ್ನು ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಆ ಔಷಧವು ದೇಹದ ಕಾವಲನ್ನು ಸಡಿಲಿಸುವುದರಿಂದ, ಮಲಗಿದ್ದ ಹೆಪಟೈಟಿಸ್ ಬಿ ಎದ್ದು ಯಕೃತ್ತನ್ನು ಥಟ್ಟನೆ ಹಾಳುಗೆಡವಬಹುದು. ರಿಫಾಂಪಿಸಿನ್ ಮತ್ತು ಡ್ಯಾಪ್ಸೋನ್‌ಗಳೂ ಯಕೃತ್ತಿಗೆ ಕೆಲವೊಮ್ಮೆ ತೊಂದರೆ ಕೊಡುವ ಔಷಧಗಳೇ. ಆದುದರಿಂದ ಸ್ಟಿರಾಯ್ಡ್ ಆರಂಭಿಸುವ ಮುನ್ನ ಒಂದು ರಕ್ತಪರೀಕ್ಷೆ ಅಗತ್ಯ. ಚಿಕಿತ್ಸೆಯಲ್ಲಿರುವವರ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಔಷಧವನ್ನು ತಾವೇ ಮುಂದುವರಿಸದೆ, ತಾವೇ ಬಿಟ್ಟು ಸುಮ್ಮನಿರದೆ, ಅಂದೇ ವೈದ್ಯರಿಗೆ ತೋರಿಸಬೇಕು. ನಾಟಿ ಔಷಧವೆಂದು ಕಾಯುತ್ತ ಕೂರುವ ಸಂದರ್ಭ ಇದಲ್ಲ.

ಭಯಪಡುವ ಪ್ರಮೇಯವೂ ಇಲ್ಲ. ಜೊತೆಯಲ್ಲಿ ಉಣ್ಣುವುದರಿಂದ, ಕೈಹಿಡಿಯುವುದರಿಂದ, ಒಂದೇ ಪೀಠದಲ್ಲಿ ಕುಳಿತು ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದರಿಂದ ಈ ವ್ಯಾಧಿ ಅಂಟದು. ರಕ್ತದಿಂದ, ದಾಂಪತ್ಯಸಂಬಂಧದಿಂದ, ತಾಯಿಯಿಂದ ಕೂಸಿಗೆ ಅಂಟುತ್ತದೆ. ಇದನ್ನು ತಡೆಯುವ ಲಸಿಕೆ 1980ರ ದಶಕದಲ್ಲಿಯೇ ಬಂದಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ನಮ್ಮ ದೇಶದಲ್ಲಿಯೇ ತಯಾರಿಸಿದ ಬಳಿಕ ಅದರ ಬೆಲೆ ಸಾಮಾನ್ಯರ ಕೈಗೆ ಎಟಕುವಂತಾಯಿತು. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೊದಲ ಲಸಿಕೆ ದೊರೆಯುತ್ತದೆ. ಆದರೆ ಈ ವ್ಯವಸ್ಥೆ ಬರುವುದಕ್ಕೆ ಮೊದಲೇ ಹುಟ್ಟಿದವರು, ಎಂದರೆ ಇಲ್ಲಿ ಕುಳಿತಿರುವ ನಮ್ಮಲ್ಲಿ ಬಹುಪಾಲು ಮಂದಿ, ಲಸಿಕೆ ಪಡೆದವರಲ್ಲ. 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರು ಈ ಸೋಂಕನ್ನು ಹೊತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರೆಲ್ಲರೂ ಕುಷ್ಠ ಪೀಡಿತರಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಈ ಕಾರಣದಿಂದಲೇ ಶತಮಾನೋತ್ಸವ ಸಮಿತಿಯ ಮುಂದೆ ನಮ್ಮದೊಂದು ಬಿನ್ನಹವಿದೆ. ಆರೋಗ್ಯ ಶಿಬಿರವೊಂದನ್ನು ಏರ್ಪಡಿಸುವ ಆಲೋಚನೆ ಇದ್ದೇ ಇದೆ. ಅದರಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ, ಪರೀಕ್ಷೆಯಲ್ಲಿ ಸೋಂಕು ಕಾಣದವರಿಗೆ ಲಸಿಕೆಯ ಮೂರು ಸುತ್ತುಗಳನ್ನೂ ಸೇರಿಸೋಣ. ಕುಷ್ಠರೋಗದಿಂದ ಗುಣಹೊಂದಿದವರ ಕುಟುಂಬಗಳನ್ನೂ ಕರೆಯೋಣ. ಆದರೆ ಅವರಿಗೆಂದು ಬೇರೆ ದಿನ, ಬೇರೆ ಸಾಲು, ಬೇರೆ ಮೇಜು ಬೇಡ. ಗುರುಗಳೂ, ಪಾಲನಾ ಸಮಿತಿಯವರೂ, ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳೂ, ಪೀಣ್ಯದ ಲೇತ್ ಕಾರ್ಖಾನೆಗಳ ತರುಣರೂ ಅದೇ ಸಾಲಿನಲ್ಲಿ ನಿಂತು ತೋಳು ಚಾಚಲಿ. ಬೇರೆ ಸಾಲು ಮಾಡಿದೆವೆಂದರೆ ಒಬ್ಬರೂ ಬಾರರು, ಬಂದವರಿಗೆ ಹಳೆಯ ಕಳಂಕದ ಮೇಲೆ ಹೊಸದೊಂದನ್ನು ನಾವೇ ಅಂಟಿಸಿದಂತಾದೀತು. ಯಾರ ಫಲಿತಾಂಶವೂ ಇನ್ನೊಬ್ಬರ ಕಿವಿಗೆ ಬೀಳಬಾರದು. ಸೋಂಕು ಕಂಡುಬಂದವರಿಗೆ, 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಮುಂದಿನ ಪರೀಕ್ಷೆಯೂ ಔಷಧವೂ ಉಚಿತವಾಗಿ ದೊರೆಯುತ್ತವೆ. ಜುಲೈ 28 ಬ್ಲಂಬರ್ಗ್ ಅವರ ಹುಟ್ಟುಹಬ್ಬ; ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಮೊದಲ ಸುತ್ತಿನ ಲಸಿಕೆಯಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಶಿಬಿರವನ್ನು ಒಂದೇ ದಿನದ ಉತ್ಸವವೆಂದು ತಿಳಿದು ಮೊದಲ ಸುತ್ತಿಗೇ ನಿಲ್ಲಿಸಿಬಿಡುವುದು ನಮ್ಮಲ್ಲಿ ರೂಢಿ. ಆದ್ದರಿಂದ ಮೂರೂ ದಿನಾಂಕಗಳನ್ನು ಈಗಲೇ ಗೊತ್ತುಮಾಡಿ, ಭಾನುವಾರದ ಪೂಜೆಯ ನಂತರ ಗುರುಗಳು ಓದಿ ಹೇಳಬೇಕೆಂದು ಕೋರುತ್ತೇವೆ.