ಗೀರಿನ ಹೊಣೆ ಯಾರದು?

ಈ ಮಾಲೆಯಲ್ಲಿ ಲಾರಿ ಚಾಲಕರ ವೃತ್ತಿಯನ್ನು ಕುರಿತು ಮಾತನಾಡತೊಡಗಿದಂದಿನಿಂದ ನನಗೆ ಬಂದಿರುವ ಪತ್ರಗಳಲ್ಲಿ ಒಂದೇ ಪ್ರಶ್ನೆಯು ಬೇರೆಬೇರೆ ಕೈಬರಹಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮರಳು, ಸಿಮೆಂಟು, ಈರುಳ್ಳಿಗಳನ್ನು ಹೊತ್ತು ವರ್ಷಾನುಗಟ್ಟಲೆ ಓಡಿಸಿದ ನಾವು ಇನ್ನು ಹೊಸ ಕಾರುಗಳನ್ನು ಸಾಗಿಸುವ ಟ್ರೈಲರಿಗೆ ಹೋಗಬೇಕೆಂದಿದ್ದೇವೆ. ಬಿಡದಿಯ ಟೊಯೊಟಾ, ಪೆನುಕೊಂಡದ ಕಿಯಾ, ಶ್ರೀಪೆರಂಬದೂರಿನ ಹ್ಯುಂಡೈ ಕಾರ್ಖಾನೆಗಳ ಕಡೆಯಿಂದ ಕಾರು ಎತ್ತುವ ಸಾಗಣೆ ಸಂಸ್ಥೆಗಳು ಹಲವಿವೆ. ಅವುಗಳಲ್ಲಿ ಯಾವುದನ್ನು ನಂಬಿ ಸೇರೋಣ, ಟ್ರಿಪ್ಪಿಗೆ ಹೆಚ್ಚು ಕೊಡುವವರು ಯಾರು ಎಂಬುದೇ ಆ ಪ್ರಶ್ನೆ. ಇದರ ಪೂರ್ವಾರ್ಧಕ್ಕೆ ಇಂದು ಉತ್ತರ ಹೇಳುತ್ತೇನೆ; ಉತ್ತರಾರ್ಧವನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಿರೆಂದು ಮೊದಲಿಗೇ ಬೇಡಿಕೊಳ್ಳುತ್ತೇನೆ.

ಮರಳಿಗೆ ಗೀರು ಬೀಳುವುದಿಲ್ಲ. ಸಿಮೆಂಟಿನ ಮೂಟೆ ಹರಿದರೆ ಹೋಗುವುದು ಒಂದು ಮೂಟೆಯ ಬೆಲೆ. ಆದರೆ ಹೊಸ ಕಾರಿನ ಬಾಗಿಲ ಮೇಲೆ ಉಗುರುದ್ದದ ಗೀರು ಬಿದ್ದಿತೆಂದರೆ, ಹೊಸತಕ್ಕೆಂದು ಹಣ ತೆತ್ತ ಗಿರಾಕಿಯು ಅದನ್ನು ಒಪ್ಪನಾದ್ದರಿಂದ ಆ ಬಾಗಿಲಿಗೆ ಪೂರ್ತಿ ಬಣ್ಣ ಬಳಿಯಬೇಕಾಗುತ್ತದೆ. ಆ ವೆಚ್ಚವು ವ್ಯಾಪಾರಿಯಿಂದ ಕಾರ್ಖಾನೆಗೂ, ಕಾರ್ಖಾನೆಯಿಂದ ಸಾಗಣೆ ಸಂಸ್ಥೆಗೂ ಕೈಬದಲಾಯಿಸುತ್ತ ಇಳಿದು, ಕೆಲವು ಸಂಸ್ಥೆಗಳಲ್ಲಿ ಅಲ್ಲಿಯೇ ನಿಲ್ಲುತ್ತದೆ, ಕೆಲವು ಸಂಸ್ಥೆಗಳಲ್ಲಿ ಚಾಲಕನ ಸಂಬಳದ ಚೀಟಿಯವರೆಗೂ ಬರುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿಯೇ ಒಂದು ಸಂಸ್ಥೆಗೂ ಇನ್ನೊಂದಕ್ಕೂ ಇರತಕ್ಕ ಅಂತರವೆಲ್ಲ ಅಡಗಿದೆ.

ನನಗೆ ಇದು ತಿಳಿದದ್ದು ಹೀಗೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಾಗಿಯ ಒಂದು ಮುಂಜಾನೆ, ಇನ್ನೂ ಬೆಳಕು ಹರಿಯದ ಅಂಗಳದಲ್ಲಿ, ಇಬ್ಬನಿಯಿಂದ ತೊಯ್ದ ಎಂಟು ಕಾರುಗಳನ್ನು ಏರಿಸಿಕೊಂಡೆ. ಕಾರಿನ ಮುಂದು, ಹಿಂದು, ಎರಡು ಪಕ್ಕ, ಮಾಡು ಇವುಗಳ ರೇಖಾಚಿತ್ರವಿರುವ ತಪಾಸಣೆಯ ಹಾಳೆಯನ್ನು ಗುಮಾಸ್ತನು ಮುಂದಿಟ್ಟು, ಹಿಂದೆ ಇನ್ನೂ ನಾಲ್ಕು ಗಾಡಿ ನಿಂತಿವೆ, ಬೇಗ ಮಾಡಿ ಎಂದನು. ಸಹಿ ಹಾಕಿದೆ. ಮೂರನೆಯ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಯ ಕಾರೊಂದರ ಹಿಂಬಾಗಿಲ ಹಿಡಿಯ ಕೆಳಗೆ ಗೀರು ಕಾಣಿಸಿತು. ಅದರ ಅಂಚಿನಲ್ಲಿ ಅಂಗಳದ ಕೆಮ್ಮಣ್ಣು ಒಣಗಿ ಕೂತಿತ್ತು. ಅದು ನನ್ನ ಕೈಗೆ ಬರುವುದಕ್ಕೆ ಮೊದಲೇ ಬಿದ್ದದ್ದೆಂಬುದಕ್ಕೆ ಆ ಮಣ್ಣೇ ಸಾಕ್ಷಿ. ಆದರೆ ಹಾಳೆಯ ಮೇಲೆ ಸುಸ್ಥಿತಿಯಲ್ಲಿ ಪಡೆದಿದ್ದೇನೆ ಎಂಬ ವಾಕ್ಯದ ಕೆಳಗೆ ನನ್ನ ಸಹಿಯಿತ್ತು. ಮೂರು ತಿಂಗಳು ನನ್ನ ಸಂಬಳದಲ್ಲಿ ಹಿಡಿದರು. ಆ ವರ್ಷ ಮಗಳ ಶಾಲೆಯ ಶುಲ್ಕಕ್ಕೆ ತಮ್ಮನಲ್ಲಿ ಕೈಯೊಡ್ಡಬೇಕಾಯಿತು.

ಆದುದರಿಂದ ಹೇಳುತ್ತೇನೆ, ದಯವಿಟ್ಟು ಕೇಳಿರಿ: ಗೀರು ಕಂಡ ದಿನವೇ ಗೀರು ಬಿದ್ದ ದಿನವಲ್ಲ. ಅದು ಕಾರ್ಖಾನೆಯ ಅಂಗಳದಲ್ಲಿ ಬಿದ್ದಿರಬಹುದು, ಏರಿಸುವಾಗ ಬಿದ್ದಿರಬಹುದು, ದಾರಿಯಲ್ಲಿ ಬಿದ್ದಿರಬಹುದು, ಇಳಿಸಿದ ಮೇಲೆ ವ್ಯಾಪಾರಿಯ ಹುಡುಗನ ಕೈಯಲ್ಲೂ ಬಿದ್ದಿರಬಹುದು. ಇವುಗಳಲ್ಲಿ ನಿಮ್ಮ ಪಾಲು ಯಾವುದೆಂಬುದನ್ನು ಗೊತ್ತುಮಾಡುವ ವಸ್ತು ಜಗತ್ತಿನಲ್ಲಿ ಒಂದೇ. ಅದು ಆ ಹಾಳೆ. ಇಬ್ಬನಿಯು ಗೀರನ್ನು ಮುಚ್ಚುತ್ತದೆ, ಧೂಳು ಮುಚ್ಚುತ್ತದೆ, ನೆತ್ತಿಯ ಮೇಲಿನ ದೀಪವೂ ಪಕ್ಕದ ಬಾಗಿಲುಗಳ ಗೀರನ್ನು ಮುಚ್ಚುತ್ತದೆ. ಬ್ಯಾಟರಿಯನ್ನು ಓರೆಯಾಗಿ ಹಿಡಿದಾಗಲೇ ಗೀರು ನೆರಳು ಬಿಟ್ಟು ಎದ್ದು ಕಾಣುತ್ತದೆ. ಹೀಗಿರುವಲ್ಲಿ, ಒರೆಸಲು ಬಟ್ಟೆ ಕೊಡುವ, ಬೆಳಕಿರುವ ಜಾಗ ಕೊಡುವ, ಒಂದೊಂದು ಕಾರಿಗೂ ಹತ್ತು ನಿಮಿಷ ಕೊಡುವ, ಫೋಟೋ ತೆಗೆದುಕೊಳ್ಳಲು ಬಿಡುವ, ಇದ್ದ ಗೀರನ್ನು ಹಾಳೆಯಲ್ಲಿ ಗುರುತಿಸಿ ಒಂದು ಪ್ರತಿಯನ್ನು ನಿಮ್ಮ ಕೈಗೆ ಕೊಡುವ ಸಂಸ್ಥೆಯು ಟ್ರಿಪ್ಪಿಗೆ ಐನೂರು ರೂಪಾಯಿ ಕಡಿಮೆ ಕೊಟ್ಟರೂ ಅಲ್ಲಿಗೇ ಹೋಗಿರಿ. ಬೇಗ ಸಹಿ ಹಾಕು ಎನ್ನುವಲ್ಲಿಗೆ ಎಷ್ಟು ಕೊಟ್ಟರೂ ಹೋಗಕೂಡದು.

ಸಂಬಳದಲ್ಲಿ ಹಿಡಿಯುವುದು ಮಾಲೀಕರ ಹಕ್ಕಲ್ಲವೆ ಎಂದು ಎಷ್ಟೋ ಮಂದಿ ಚಾಲಕರೇ ಹೇಳುವುದನ್ನು ಕೇಳಿ ನನಗೆ ಬಹಳ ಬೇಸರವಾಗಿದೆ. ಹಾಗೆಂದು ಯಾವ ಶಾಸನವೂ ಹೇಳಿಲ್ಲ. 1936ರ ವೇತನ ಪಾವತಿ ಕಾಯಿದೆಯು ಹೇಳಿದ್ದು, 2019ರ ವೇತನ ಸಂಹಿತೆಯೂ ಹೇಳುವುದು ಇಷ್ಟೆ: ಒಪ್ಪಿಸಿದ ವಸ್ತುವಿಗೆ ಆದ ಹಾನಿಯು ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದ ಆದದ್ದಾಗಿದ್ದರೆ ಮಾತ್ರ, ಅವನು ತನ್ನ ಸಮಜಾಯಿಷಿ ಹೇಳಲು ಅವಕಾಶ ಕೊಟ್ಟ ಅನಂತರ ಮಾತ್ರ, ಆದ ನಷ್ಟಕ್ಕೆ ಮೀರದಂತೆ ಹಿಡಿಯಬಹುದು, ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ದಾಟಕೂಡದು. ಸೇರುವ ದಿನವೇ, ಹಾನಿಯಾದರೆ ವಿಚಾರಣೆ ಯಾರ ಮುಂದೆ, ವಿಮೆಯು ಭರಿಸುವುದೆಷ್ಟು, ನನ್ನ ಪಾಲಿಗೆ ಬರುವುದೆಷ್ಟು ಎಂದು ಕೇಳಿ ಬರೆಯಿಸಿಕೊಳ್ಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಿತೆಂದು ತಿಳಿಯಿರಿ.

ಸುತ್ತ ಮುಚ್ಚಿದ ಟ್ರೈಲರಾದರೆ ಗೀರಿನ ಭಯವೇ ಇಲ್ಲವೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮರದ ಕೊಂಬೆ, ಸಿಡಿದ ಕಲ್ಲು ತಾಗುವುದಿಲ್ಲ, ನಿಜ. ಆದರೆ ಒಳಗೆ ಕಾರಿಗೂ ಗೋಡೆಗೂ ನಡುವೆ ಇರುವ ಇಕ್ಕಟ್ಟಿನಲ್ಲಿ ಬಾಗಿಲು ಅರೆತೆರೆದು ಮೈಯನ್ನು ಹೊರಳಿಸಿ ಹೊರಬರುವಾಗ ನಿಮ್ಮ ಸೊಂಟದ ಪಟ್ಟಿಯ ಬಕಲು, ಕೈಯ ಉಂಗುರ, ಗಡಿಯಾರ ಇವೇ ಬಣ್ಣಕ್ಕೆ ಶತ್ರುಗಳು. ಬಕಲಿಲ್ಲದ ಉಡುಪನ್ನು ಕೊಡುವ ಸಂಸ್ಥೆಗೆ ಕೆಲಸ ಗೊತ್ತಿದೆ. ಹಾಗೆಯೇ ಕಟ್ಟುವ ಪಟ್ಟಿಯನ್ನು ನೋಡಿರಿ. ಕಾರಿನ ಅಡಿಚೌಕಟ್ಟಿಗೆ ಬಿಗಿದರೆ ಸ್ಪ್ರಿಂಗು ಕುಗ್ಗಿ, ಹೊಂಡ ಸಿಕ್ಕಾಗ ಇನ್ನಷ್ಟು ಕುಗ್ಗಿ, ಪಟ್ಟಿ ಸಡಿಲವಾಗಿ ಕಾರು ಕುಣಿಯತೊಡಗುತ್ತದೆ. ಚಕ್ರಕ್ಕೇ ಬಿಗಿದು ಮುಂದೆ ಹಿಂದೆ ತಡೆಗಟ್ಟೆಯಿಟ್ಟರೆ ಮೈ ತೂಗಿದರೂ ಚಕ್ರ ಕದಲದು. ಚಕ್ರದ ಪಟ್ಟಿ ಸವೆದು ನೂಲೆದ್ದಿದ್ದರೆ, ಅಂಥ ಟ್ರೈಲರನ್ನು ಶಿರಾಡಿ ಘಾಟಿಯಲ್ಲಿ ಇಳಿಸುವವನು ನೀವಾಗಬೇಡಿ.

ಈ ಒಂದು ವಿಷಯಕ್ಕೇ ಬಹಳ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳಬೇಕಾಗಿದೆ; ಮೊದಲನೆಯದು ಗಡುವಿನ ಮಾತು. ಬೆಂಗಳೂರಿನ ಕಡೆಯಿಂದ ಗುರುಗ್ರಾಮಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. 2,200 ಎಂದೇ ಹಿಡಿಯಿರಿ. ಗಂಟೆಗೆ ಸರಾಸರಿ 40ರಂತೆ, ದಿನಕ್ಕೆ 8 ಗಂಟೆ ಓಡಿಸಿದರೆ ಹೆಚ್ಚುಕಡಿಮೆ ಏಳು ದಿನ. ದೂರದ ದಾರಿಯಲ್ಲಿ ಸಹ ಅನುಮತಿಯಿಲ್ಲದೆ 8 ಗಂಟೆಗೆ ಮೇಲೆ, ಅನುಮತಿಯಿದ್ದರೂ 10 ಗಂಟೆಗೆ ಮೇಲೆ ದುಡಿಸಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ವಿಧಿಸಿತ್ತು. ಒಬ್ಬನೇ ಚಾಲಕನಿಗೆ ನಾಲ್ಕು ದಿನದ ಗಡುವು ಕೊಡುವ ಸಂಸ್ಥೆಯು ದಿನಕ್ಕೆ ಸುಮಾರು ಹದಿನಾಲ್ಕು ಗಂಟೆಯ ಓಟವನ್ನು ಕೇಳುತ್ತಿದೆ. ಊಟ, ಸ್ನಾನ, ನಿದ್ರೆಗಳನ್ನು ಉಳಿದ ಹತ್ತರಲ್ಲಿ ಮುಗಿಸಬೇಕು. ಈ ಲೆಕ್ಕವನ್ನು ನಿಮ್ಮ ಮನೆಯವರ ಮುಂದೆ ಕೂತು ಮಾಡಿರಿ.

ಮರಳುವಾಗ ಹೊರೆ ಸಿಕ್ಕುವುದೇ ಎಂದು ಕೇಳಿರಿ. ಕಾರಿನ ಟ್ರೈಲರಿನಲ್ಲಿ ಈರುಳ್ಳಿ ತುಂಬಲಾಗದು. ಉತ್ತರದ ಕಾರ್ಖಾನೆಗಳಲ್ಲಿಯೂ ಒಪ್ಪಂದವಿರುವ ಸಂಸ್ಥೆಯ ಚಾಲಕನು ಎರಡು ದಿನದಲ್ಲಿ ಹೊರಟರೆ, ಇಲ್ಲದವನು ಬಯಲಿನಲ್ಲಿ ವಾರಗಟ್ಟಲೆ ಕಾಯುತ್ತಾನೆ, ಆ ದಿನಗಳಿಗೆ ಭತ್ಯೆ ಉಂಟೋ ಇಲ್ಲವೋ ಎಂಬುದೂ ತಿಳಿದಿರತಕ್ಕದ್ದು. ಎಂಜಿನ್ನಿನ ಗಾಡಿಯೂ ಸೇರಿ ಟ್ರೈಲರಿನ ಒಟ್ಟು ಉದ್ದವನ್ನು ಅಳೆಯಿರಿ, ನಿಯಮದ 18.75 ಮೀಟರನ್ನು ಮೀರಿಸಿ ಕಟ್ಟಿಸಿದ ಗಾಡಿಯನ್ನು ತಡೆದು ನಿಲ್ಲಿಸಿದಾಗ ರಸ್ತೆಯಲ್ಲಿ ನಿಲ್ಲುವವರು ನೀವು. ಎಂಜಿನ್ನಿನ ಗಾಡಿಯು ಎಂದು ತಯಾರಾದದ್ದೆಂದೂ ನೋಡಿರಿ. 2025ರ ಅಕ್ಟೋಬರ್ 1ರಿಂದ ಈಚೆಗೆ ತಯಾರಾದ ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಚಾಲಕಕೋಣೆ ಕಡ್ಡಾಯ, ನಾಗಪುರದ ಮೇ ತಿಂಗಳನ್ನು ದಾಟಿದವರಿಗೆ ಅದರ ಬೆಲೆ ಗೊತ್ತು.

ಇವೆಲ್ಲವನ್ನೂ ಕಚೇರಿಯ ಮೇಜಿನ ಮುಂದೆ ಕೇಳಿದರೆ ಸಾಲದು. ಅಂಗಳದ ಎದುರಿನ ಚಹದಂಗಡಿಯಲ್ಲಿ ಒಂದು ಬೆಳಗ್ಗೆ ಕುಳಿತು, ಟ್ರಿಪ್ಪು ಮುಗಿಸಿ ಬಂದ ಚಾಲಕನೊಬ್ಬನ ಲೆಕ್ಕದ ಚೀಟಿಯನ್ನು ವಿನಯದಿಂದ ಕೇಳಿ ನೋಡಿರಿ. ‘ಡ್ಯಾಮೇಜು’ ಎಂಬ ಪದದ ಎದುರು ಏನು ಬರೆದಿದೆ, ಅದಕ್ಕೆ ಮೊದಲು ಅವನನ್ನು ಯಾರಾದರೂ ಕರೆದು ಕೇಳಿದ್ದರೇ ಎಂದು ವಿಚಾರಿಸಿರಿ. ಡೀಸೆಲ್ ಸರಾಸರಿಯ ಹೆಸರಿನಲ್ಲಿ ಹಿಡಿಯುವ ಹಣವನ್ನು ಕುರಿತು ಹಾಸನದಿಂದ ಬಂದ ಪತ್ರಕ್ಕೆ ಮುಂದಿನ ವಾರ ಉತ್ತರ ಹೇಳುತ್ತೇನೆ.